ಮುಚ್ಚಿಡುವುದೇನಿದೆ ಎನ್ನುವವರಿಗೆ



ಈಚಿನ ವರ್ಷಗಳಲ್ಲಿ ನಾನು ಪದೇ ಪದೇ ಕೇಳುತ್ತಿರುವ ಮಾತೊಂದಿದೆ. "ಸಾರ್, ನಮ್ಮಂಥ ಹಳ್ಳಿಯವರ ಹತ್ತಿರ ಮುಚ್ಚಿಡುವಂಥದ್ದು ಏನಿದೆ? ಒಂದು ಫೋಟೋ ಹಾಕಿದರೆ ಯಾರ ಗಂಟು ಹೋಗುತ್ತದೆ?" ಮದುವೆ ಮನೆಯಲ್ಲಿ ಸಿಕ್ಕವರೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನಿಂದ ದೂರವಾಣಿಯಲ್ಲಿ ಮಾತನಾಡುವವರೂ ಇದನ್ನೇ ಹೇಳುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖಾಸಗಿತನವೆಂಬುದು ಪಟ್ಟಣದ ಸಿರಿವಂತರ ಚಟ, ಪಶ್ಚಿಮದಿಂದ ಬಂದ ಸರಕು, ಗೌರಸಮುದ್ರದಂಥ ಊರಿನಲ್ಲಿ ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಗೊತ್ತಿರುವಾಗ ಅದಕ್ಕೆ ಅರ್ಥವೇ ಇಲ್ಲ ಎಂದು ವಾದಿಸುತ್ತಾರೆ. ಈ ಎರಡು ಮಾತುಗಳೂ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇವಲ ತಪ್ಪಲ್ಲ, ಅಪಾಯಕಾರಿಯೂ ಹೌದು. ಏಕೆಂದರೆ ಹೀಗೆ ಹೇಳುವವರು ಹಂಚುತ್ತಿರುವುದು ಬಹುಪಾಲು ತಮ್ಮ ವಿಷಯವನ್ನಲ್ಲ. ಮಕ್ಕಳ, ಮುದುಕರ, ಹೆಣ್ಣುಮಕ್ಕಳ, ರೋಗಿಗಳ ವಿಷಯವನ್ನು. ತನ್ನ ಬಳಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಹೇಳುವ ಅಧಿಕಾರ ಎಲ್ಲರಿಗೂ ಇದೆ. ಇನ್ನೊಬ್ಬರ ಪರವಾಗಿ ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಮೊದಲು ಹಳ್ಳಿಯಲ್ಲಿ ಖಾಸಗಿತನವೇ ಇರಲಿಲ್ಲ ಎಂಬ ವಾದವನ್ನು ನೋಡೋಣ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಓದುಬರಹ ಬಲ್ಲವರು ಬೆರಳೆಣಿಕೆಯಷ್ಟು. ಕಾಗದ ಬಂದರೆ ಓದುವವರು ಮೇಷ್ಟ್ರು, ಉತ್ತರ ಬರೆಯುವವರೂ ಮೇಷ್ಟ್ರು. ಮಳೆ ಕೈಕೊಟ್ಟ ವರ್ಷ ಕಾಫಿ ಸೀಮೆಗೆ ಗುಳೆ ಹೋದ ಗಂಡನಿಗೆ ಹೆಂಡತಿ ತೆಲುಗಿನಲ್ಲಿ ಹೇಳುತ್ತಿದ್ದುದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಸಾಲದ ಮಾತು, ಮುನಿಸಿನ ಮಾತು, ಮಗಳ ಮನೆಯಲ್ಲಿ ನಡೆದ ಜಗಳದ ಮಾತು, ಎಲ್ಲವೂ ನನ್ನ ಕೈಯಿಂದಲೇ ಹಾದುಹೋಗುತ್ತಿದ್ದವು. ಆ ತಾಯಂದಿರು ನನ್ನಿಂದ ಪ್ರಮಾಣ ಮಾಡಿಸಿಕೊಳ್ಳಲಿಲ್ಲ. ಮೇಷ್ಟ್ರು ಓದಿದ್ದನ್ನು ಮೇಷ್ಟ್ರು ಮರೆಯುತ್ತಾರೆ ಎಂಬುದು ಊರಿನ ಅಲಿಖಿತ ಕಾಯಿದೆಯಾಗಿತ್ತು. ಕುಶಲ ಸಮಾಚಾರಕ್ಕೆ ಕಾರ್ಡು, ಮನೆಯ ಕಷ್ಟಸುಖಕ್ಕೆ ಅಂಟು ಹಚ್ಚಿ ಮುಚ್ಚುವ ಇನ್‌ಲ್ಯಾಂಡ್ ಪತ್ರ ಎಂಬ ವಿವೇಕ ಅಕ್ಷರ ಬಾರದವರಿಗೂ ಇತ್ತು. ಎರಡರ ಬೆಲೆಯ ವ್ಯತ್ಯಾಸ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಅಗತ್ಯವಿದ್ದಾಗ ಹೆಚ್ಚಿನ ಕಾಸು ಕೊಟ್ಟು ಇನ್‌ಲ್ಯಾಂಡನ್ನೇ ಕೊಳ್ಳುತ್ತಿದ್ದರು. ಖಾಸಗಿತನಕ್ಕೆ ಬಡವರು ಬೆಲೆ ಕೊಡುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಎಸ್.ಎಸ್.ಎಲ್.ಸಿ. ಫಲಿತಾಂಶವನ್ನೇ ತೆಗೆದುಕೊಳ್ಳಿ. ಅಂದು ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದುದು ನೋಂದಣಿ ಸಂಖ್ಯೆಗಳು ಮಾತ್ರ, ಹೆಸರುಗಳಲ್ಲ. ಸಂಖ್ಯೆ ಬಲ್ಲವನಿಗೆ ಫಲಿತಾಂಶ ಸಿಗುತ್ತಿತ್ತು. ಬಲ್ಲದವನಿಗೆ ಅದು ಬರಿಯ ಅಂಕಿಗಳ ಸಾಲು. ನಪಾಸಾದ ಹುಡುಗನಿಗೆ ಮನೆಗೆ ಹೋಗಿ ತಾನೇ ಹೇಳುವ ಒಂದು ಗಳಿಗೆಯ ಅವಕಾಶ ಇತ್ತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿ, ಜನ್ಮದಿನಾಂಕ, ತಂದೆಯ ಹೆಸರು ಎಲ್ಲವೂ ಇದ್ದವು. ಆ ಪುಸ್ತಕ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು.

ಊರಿಗೆ ಎಲ್ಲ ಗೊತ್ತಿತ್ತು ಎಂಬುದೂ ಅರ್ಧ ಸತ್ಯ. ಗೊತ್ತಿದ್ದುದಕ್ಕೆ ಮೂರು ಎಲ್ಲೆಗಳಿದ್ದವು. ಒಂದು, ದೂರ: ನಮ್ಮ ಊರಿನ ಮಾತು ತಳಕು ದಾಟುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತಿತ್ತು. ಎರಡು, ಮರೆವು: ಎರಡು ಮಳೆಗಾಲ ಕಳೆದರೆ ಹಳೆಯ ಹಗರಣ ಹಳೆಯದಾಗುತ್ತಿತ್ತು, ತಪ್ಪು ಮಾಡಿದವನು ಮತ್ತೆ ಮನುಷ್ಯನಾಗಿ ಬಾಳಬಹುದಿತ್ತು. ಮೂರು, ಪರಸ್ಪರತೆ: ನಿಮ್ಮ ವಿಷಯ ನನಗೆ ಗೊತ್ತಿದ್ದರೆ ನನ್ನದೂ ನಿಮಗೆ ಗೊತ್ತಿತ್ತು, ಆದ್ದರಿಂದ ಇಬ್ಬರ ನಾಲಗೆಗೂ ಕಡಿವಾಣವಿತ್ತು. ಸಾಮಾಜಿಕ ಜಾಲತಾಣಗಳು ಈ ಮೂರೂ ಎಲ್ಲೆಗಳನ್ನು ಅಳಿಸಿಹಾಕಿವೆ. ಅಲ್ಲಿಗೆ ಬಿದ್ದ ಚಿತ್ರಕ್ಕೆ ದೂರವಿಲ್ಲ, ಮರೆವಿಲ್ಲ. ನಮ್ಮನ್ನು ನೋಡುತ್ತಿರುವವನು ಯಾರೆಂದು ನಮಗೆ ತಿಳಿಯುವುದೂ ಇಲ್ಲ. ಹಳ್ಳಿಯ ಕಟ್ಟೆಗೂ ಫೇಸ್‌ಬುಕ್ಕಿಗೂ ಹೋಲಿಕೆ ಮಾಡುವವರು ಕಟ್ಟೆಯನ್ನೂ ಅರಿತಿಲ್ಲ, ಫೇಸ್‌ಬುಕ್ಕನ್ನೂ ಅರಿತಿಲ್ಲ.

ಇದು ಎಷ್ಟು ಗಂಭೀರವಾದ ವಿಷಯ ಎಂಬುದಕ್ಕೆ ನಮ್ಮ ಊರಿನ ಜಾತ್ರೆಗಿಂತ ಬೇರೆ ಉದಾಹರಣೆ ಬೇಡ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಪ್ರತಿವರ್ಷ ಕರ್ನಾಟಕದ ಹಲವು ಜಿಲ್ಲೆಗಳಿಂದಲೂ ಆಂಧ್ರದ ಕಡೆಯಿಂದಲೂ ಜನಸಾಗರ ಹರಿದುಬರುತ್ತದೆ. ಮಾರಮ್ಮನ ಜಾತ್ರೆಗಳಲ್ಲಿ ಬೇವಿನ ಸೊಪ್ಪಿನ ಉಡುಗೆಯ ಹರಕೆ ಎಂಬುದು ಹಿಂದಿನಿಂದ ಬಂದದ್ದು. ಆ ಹರಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆಯೇ ಇದೆ. ಅದನ್ನು ನಿಲ್ಲಿಸಬೇಕೆನ್ನುವವರ ವಾದದಲ್ಲಿ ಹುರುಳಿದೆ ಎಂದು ನಾನೂ ನಂಬಿದವನು. ಆದರೆ ಹರಕೆ ಹೊತ್ತು ಬಂದ ಹೆಣ್ಣುಮಗಳು ಬಂದದ್ದು ದೇವಿಯ ಮುಂದೆ ನಿಲ್ಲಲು. ಸಾವಿರ ಮೊಬೈಲುಗಳ ಮುಂದೆ ನಿಲ್ಲಲು ಅಲ್ಲ. ಮಗುವಿನ ಕಾಯಿಲೆ ವಾಸಿಯಾಗಲೆಂದು ಹರಕೆ ತೀರಿಸಿದ ತಾಯಿಯೊಬ್ಬಳ ವಿಡಿಯೋವನ್ನು ಯಾರೋ ತೆಗೆದು ಹಂಚಿದರು. ಅದರ ಕೆಳಗೆ ಬರೆದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ದೂರದ ಊರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅವಳ ಹಿರಿಯ ಮಗಳಿಗೆ ಸಹಪಾಠಿಗಳೇ ಅದನ್ನು ತೋರಿಸಿದರು. ಹುಡುಗಿ ಹಲವು ವಾರ ತರಗತಿಗೆ ಹೋಗಲಿಲ್ಲ. ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾನು ದೇವರಿಗೆ ಮಾಡಿದ್ದನ್ನು ಅವರಿಗೆ ಯಾಕೆ ಕೊಟ್ಟರು ಸಾರ್?" ಮುಚ್ಚಿಡುವುದೇನಿದೆ ಎನ್ನುವ ಗೆಳೆಯರು ಈ ಪ್ರಶ್ನೆಗೆ ಉತ್ತರ ಹೇಳಲಿ.

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನ ಪ್ರಕಾರ ವ್ಯಕ್ತಿಯ ಗುಪ್ತ ಭಾಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆಯುವುದು, ಪ್ರಕಟಿಸುವುದು, ಕಳುಹಿಸುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅಥವಾ ಎರಡು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ದಾರಿಯಾಗಬಲ್ಲ ಅಪರಾಧ. ತೆಗೆದವನು ಮಾತ್ರವಲ್ಲ, ಕಳುಹಿಸಿದವನೂ ಈ ಕಲಮಿನ ವ್ಯಾಪ್ತಿಗೆ ಬರುತ್ತಾನೆ ಎಂಬುದನ್ನು ಫಾರ್ವರ್ಡ್ ಪ್ರಿಯರು ನೆನಪಿನಲ್ಲಿಡಬೇಕು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಮೇಷ್ಟ್ರಿಗೆ ಕಪ್ಪುಹಲಗೆ ಬಿಟ್ಟರೂ ಲೆಕ್ಕದ ಚಾಳಿ ಬಿಡುವುದಿಲ್ಲ. 2018ರ ಮಾರ್ಚಿನಲ್ಲಿ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಹಗರಣ ಹೊರಬಂತು. ಫೇಸ್‌ಬುಕ್ಕಿನಲ್ಲಿ ವ್ಯಕ್ತಿತ್ವ ಪರೀಕ್ಷೆಯ ಒಂದು ಆಪ್ ಇತ್ತು. "ನೀವು ಎಂಥವರು, ತಿಳಿದುಕೊಳ್ಳಿ" ಎಂಬ ಧಾಟಿಯ, ನೋಡಲು ಮುಗ್ಧವಾದ ಆಟ. ಅದನ್ನು ಆಡಿದವರ ಮಾಹಿತಿ ಮಾತ್ರವಲ್ಲ, ಅವರ ಗೆಳೆಯರ ಮಾಹಿತಿಯೂ ಆ ಆಪಿನ ಮೂಲಕ ಹೊರಗೆ ಹೋಯಿತು; ರಾಜಕೀಯ ಪ್ರಚಾರದ ವ್ಯಾಪಾರಿಗಳ ಕೈಸೇರಿತು. ಜಗತ್ತಿನಾದ್ಯಂತ 8.7 ಕೋಟಿ ಜನರ ಮಾಹಿತಿ ಹೀಗೆ ಹೋಗಿರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ಒಪ್ಪಿಕೊಂಡಿತು. ಭಾರತಕ್ಕೆ ಸಂಬಂಧಿಸಿ ಅದು ಕೊಟ್ಟ ಅಂಕಿಗಳನ್ನು ನೋಡಿ: ಆ ಆಪನ್ನು ಹಾಕಿಕೊಂಡವರು 335 ಮಂದಿ. ಬಾಧಿತರಾಗಿರಬಹುದಾದವರು ಒಟ್ಟು 5,62,455 ಮಂದಿ. ಅಂದರೆ ಆಟವಾಡಿದ ಒಬ್ಬೊಬ್ಬನೂ, ತನಗೆ ಗೊತ್ತಿಲ್ಲದೆಯೇ, ಸರಾಸರಿ 1,678 ಜನರನ್ನು ತೆರೆದಿಟ್ಟ. ಆ ಐದೂವರೆ ಲಕ್ಷ ಜನ ಏನೂ ಮಾಡಿರಲಿಲ್ಲ. ಅವರು ಆಪ್ ಹಾಕಿಕೊಂಡಿರಲಿಲ್ಲ, ಯಾವ ಪ್ರಶ್ನೆಗೂ ಉತ್ತರಿಸಿರಲಿಲ್ಲ. ಅವರು ಮಾಡಿದ್ದು ಇಷ್ಟೇ, ಒಬ್ಬ ಉದಾಸೀನನಿಗೆ ಗೆಳೆಯರಾಗಿದ್ದರು. 2019ರಲ್ಲಿ ಅಮೆರಿಕದ ವಾಣಿಜ್ಯ ಆಯೋಗ ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡ ವಿಧಿಸಿತು. ಹೋದ ಮಾಹಿತಿ ಮಾತ್ರ ಹಿಂದಿರುಗಲಿಲ್ಲ; ಹಿಂದಿರುಗುವಂಥದ್ದೂ ಅಲ್ಲ.

ಇದು ಒಮ್ಮೆ ನಡೆದು ಮುಗಿದ ಕಥೆ ಎಂದು ಭಾವಿಸಬೇಡಿ. 2021ರ ಏಪ್ರಿಲಿನಲ್ಲಿ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಹೆಸರು, ದೂರವಾಣಿ ಸಂಖ್ಯೆ ಮುಂತಾದ ವಿವರಗಳು ಅಂತರಜಾಲದಲ್ಲಿ ಬಿಟ್ಟಿಯಾಗಿ ಬಿದ್ದಿದ್ದವು. ಅದರಲ್ಲಿ ಸುಮಾರು 60 ಲಕ್ಷ ಭಾರತೀಯರಿದ್ದರು. ಅವನ್ನು ಹೆಕ್ಕಿದ್ದು ಹೇಗೆಂದರೆ, ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಕೊಟ್ಟು ಗೆಳೆಯರನ್ನು ಹುಡುಕುವ ಸೌಲಭ್ಯವನ್ನೇ ದುರುಪಯೋಗ ಮಾಡಿ. "ನಿಮ್ಮ ಕಾಂಟ್ಯಾಕ್ಟ್‌ಗಳನ್ನು ನೋಡಲು ಅನುಮತಿ ಕೊಡುವಿರಾ?" ಎಂದು ಹೊಸ ಆಪ್ ಕೇಳಿದಾಗ ನೀವು ಹೌದು ಎಂದು ಒತ್ತುತ್ತೀರಲ್ಲ, ಆ ಪಟ್ಟಿ ನಿಮ್ಮದೇ? ಅದರೊಳಗಿನ ಒಂದೊಂದು ಸಂಖ್ಯೆಯೂ ಒಬ್ಬೊಬ್ಬರು ನಿಮ್ಮನ್ನು ನಂಬಿ ಕೊಟ್ಟದ್ದು. ಯಾರೋ ಕಾಪಾಡಲೆಂದು ಕೊಟ್ಟ ಕೀಲಿಕೈಯನ್ನು ದಾರಿಹೋಕನಿಗೆ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

ಇದರ ಕಹಿಯನ್ನು ಉಂಡವರು ನಮ್ಮಲ್ಲಿಯೇ ಇದ್ದಾರೆ. ಶೇಂಗಾ ಬೆಳೆ ಒಣಗಿದ ವರ್ಷ, ಮಗಳ ಫೀಸಿಗೆ, ಬೋರ್‌ವೆಲ್ ಕೊರೆಸುವುದಕ್ಕೆ ಎಂದು ಮೊಬೈಲ್ ಆಪಿನಲ್ಲಿ ಐದೋ ಹತ್ತೋ ಸಾವಿರ ಸಾಲ ಪಡೆದವರಿದ್ದಾರೆ. ಅಂಥ ಆಪುಗಳು ಮೊದಲು ಕಸಿಯುತ್ತಿದ್ದುದು ಕಾಂಟ್ಯಾಕ್ಟ್ ಪಟ್ಟಿಯನ್ನು. ಕಂತು ತಪ್ಪಿದರೆ ಅತ್ತೆ, ಮಾವ, ಬೀಗರು, ಕೆಲಸ ಕೊಟ್ಟ ಧಣಿ, ಎಲ್ಲರಿಗೂ ಕರೆ. ಸಾಲಗಾರನ ಚಿತ್ರವನ್ನು ವಿಕಾರಗೊಳಿಸಿ ನೆಂಟರಿಗೆಲ್ಲ ಕಳುಹಿಸುವ ಹೇಯ ಕೃತ್ಯವೂ ನಡೆಯಿತು. ಮರ್ಯಾದೆಗೆ ಅಂಜಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾಲದ ಆಪುಗಳು ಗ್ರಾಹಕರ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಮೊಬೈಲಿನ ಕಡತಗಳನ್ನು ಮುಟ್ಟಕೂಡದೆಂದು ನಿಯಮ ಮಾಡಿತು. ಆದರೆ ಅನುಮತಿಯಿಲ್ಲದ ಆಪುಗಳಿಗೆ ನಿಯಮದ ಭಯ ಎಲ್ಲಿಯದು? ಖಾಸಗಿತನ ಸಿರಿವಂತರ ಚಟ ಎನ್ನುವವರೇ, ಸಿರಿವಂತನು ಐದು ಸಾವಿರಕ್ಕೆ ಇಂಥ ಆಪಿನ ಬಾಗಿಲಿಗೆ ಹೋಗುವುದಿಲ್ಲ. ಗುಟ್ಟು ರಟ್ಟಾದರೆ ಹೆಚ್ಚು ನೋಯುವವನು ಬಡವನೇ.

ಪಶ್ಚಿಮದ ಸರಕು ಎಂಬ ಆಕ್ಷೇಪಕ್ಕೂ ಉತ್ತರ ಹೇಳುತ್ತೇನೆ. ಭಾರತದಲ್ಲಿ ಖಾಸಗಿತನದ ಹಕ್ಕನ್ನು ಸಂವಿಧಾನದ ಮೂಲಭೂತ ಹಕ್ಕೆಂದು ಸಾರಿದ ತೀರ್ಪು ಯಾರ ಹೆಸರಿನಲ್ಲಿದೆ ಗೊತ್ತೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ. 1926ರಲ್ಲಿ ಜನಿಸಿದ ಆ ಹಿರಿಯರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕಾಯಿದೆಯ ಬೆಂಬಲವಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆಯಾಗಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಆ ಪೀಠದಲ್ಲಿ ನಮ್ಮ ಹೈಕೋರ್ಟಿನಿಂದಲೇ ಹೋದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಬಡವರಿಗೆ ಅನ್ನ ಸಾಕು, ಇಂಥ ಹಕ್ಕುಗಳು ಉಳ್ಳವರಿಗೆ ಎಂಬ ಮಾತನ್ನು ನ್ಯಾಯಾಲಯ ಒಪ್ಪಲಿಲ್ಲ; ಖಾಸಗಿತನ ಮನುಷ್ಯನ ಘನತೆಯ ಭಾಗ, ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂಬುದು ಅದರ ತಾತ್ಪರ್ಯ.

ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಯೋಜನೆಯನ್ನೇ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ 57ನೆಯ ಕಲಮಿನ ಭಾಗವನ್ನು ರದ್ದುಪಡಿಸಿತು. ಮೊಬೈಲ್ ಸಿಮ್ಮಿಗೂ ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಸನ್ಮಾನಿಸಿದ ಫ್ಲೆಕ್ಸುಗಳನ್ನು ನಾನು ನಮ್ಮ ಸೀಮೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಆದರೆ ಇಂದು ದೇಶದ ಯಾವ ಮೂಲೆಯ ವಕೀಲನೂ ಖಾಸಗಿತನದ ಮಾತೆತ್ತಿದರೆ ಮೊದಲು ಉಚ್ಚರಿಸುವ ಹೆಸರು ಈ ಕನ್ನಡಿಗರದು. ಇದನ್ನು ಪರದೇಶದ ಸರಕು ಎನ್ನುವುದು ನಮ್ಮದೇ ಹಿರಿಯರಿಗೆ ಮಾಡುವ ಅವಮಾನ.

ಸರ್ಕಾರವೂ ಈ ಪಾಠವನ್ನು ಬೇಗನೆ ಮರೆಯುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ನಮ್ಮ ರಾಜ್ಯ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಪಟ್ಟಿ ಕ್ಷಣದಲ್ಲಿ ವಾಟ್ಸಾಪ್ ಗುಂಪುಗಳಿಗೆ ಹರಿಯಿತು. ಕಾಯಿಲೆಯೇ ಇಲ್ಲದವರನ್ನೂ ನೆರೆಹೊರೆ ಕಳ್ಳರಂತೆ ನೋಡಿತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಆರೋಗ್ಯ ಇಲಾಖೆಗೆ ಮಾಹಿತಿ ಬೇಕು, ನಿಜ. ಆದರೆ ಆರೋಗ್ಯ ಇಲಾಖೆಗೆ ತಿಳಿಯಬೇಕಾದದ್ದು ಬೀದಿಗೆಲ್ಲ ತಿಳಿಯಬೇಕಾಗಿಲ್ಲ. ಮಾಹಿತಿ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂಬ ಮೂರು ಪ್ರಶ್ನೆಗಳಲ್ಲೇ ಖಾಸಗಿತನದ ಸಾರವೆಲ್ಲ ಅಡಗಿದೆ.

ಹಾಗಾದರೆ ಕಾನೂನು ನಮ್ಮನ್ನು ಕಾಪಾಡುವುದಿಲ್ಲವೇ ಎಂದು ಕೇಳುವಿರಿ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ಹಾಕಬಹುದು. 18 ತುಂಬದ ಮಕ್ಕಳ ಮಾಹಿತಿಗೆ ಪೋಷಕರ ಖಚಿತ ಸಮ್ಮತಿ ಬೇಕು. ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸಕೂಡದು. ಇವೆಲ್ಲ ಒಳ್ಳೆಯವೇ. ಆದರೆ ಅದೇ ಕಾಯಿದೆಯ 3ನೆಯ ಕಲಮನ್ನು ಓದಿ. ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಮನೆಯ ಬಳಕೆಗಾಗಿ ನಿರ್ವಹಿಸುವ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ಕಂಪನಿಯಿಂದ ಕಾಪಾಡಲು ಕಾಯಿದೆ ಇದೆ. ಚಿಕ್ಕಪ್ಪನಿಂದ, ಸೋದರಮಾವನಿಂದ, ಹಳೆಯ ಸಹಪಾಠಿಯಿಂದ ಕಾಪಾಡಲು ಈ ಕಾಯಿದೆ ಬರುವುದಿಲ್ಲ. ಮನೆಯೊಳಗೆ ಕಾಯಿದೆ ಕೈಚಾಚದಿರುವುದು ಸರಿಯೂ ಹೌದು. ಅಲ್ಲಿ ನಡೆಯಬೇಕಾದದ್ದು ನಮ್ಮ ವಿವೇಕ.

ಕಂಪನಿಗಳ ಮೇಲೆ ನನಗೆ ಭರವಸೆ ಇಲ್ಲ. ಅವರು ಕೊಡುವ ಸೇವೆಗೆ ನಾವು ಹಣ ಕೊಡುವುದಿಲ್ಲ. ಅವರ ಆದಾಯದ ಸಿಂಹಪಾಲು ಜಾಹೀರಾತಿನಿಂದ ಬರುವುದು. ನಮ್ಮ ಬಗ್ಗೆ ಹೆಚ್ಚು ತಿಳಿದಷ್ಟೂ ಜಾಹೀರಾತಿಗೆ ಹೆಚ್ಚು ಬೆಲೆ. 2021ರಲ್ಲಿ ವಾಟ್ಸಾಪ್ ತನ್ನ ಷರತ್ತುಗಳನ್ನು ಬದಲಿಸಿ, ಒಪ್ಪಿಕೊಳ್ಳಿ ಎಂದು ಜನರ ಮುಂದಿಟ್ಟ ರೀತಿಗಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಒಡೆತನದ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ವಾಟ್ಸಾಪಿನಲ್ಲಿ ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ, ದಾರಿಯಲ್ಲಿ ಯಾರೂ ಓದಲಾರರು ಎಂಬುದು ನಿಜವೇ. ಆದರೆ ಪಡೆದವನು ಮುಂದಕ್ಕೆ ಕಳುಹಿಸಿದರೆ ಯಾವ ಗೂಢಲಿಪಿ ಏನು ಮಾಡೀತು?

ಹೀಗೆ ಮುಂದಕ್ಕೆ ಕಳುಹಿಸಿದ ಚಿತ್ರಗಳಿಂದ ನಮ್ಮ ನಾಡಿನಲ್ಲಿ ಹೆಣ ಬಿದ್ದದ್ದೂ ಉಂಟು. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಶಂಕೆ ಹುಟ್ಟಿತು. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಓಡಿತು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಅಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ನಿಂತಿದ್ದರು. ಒಬ್ಬ ಯುವ ಇಂಜಿನಿಯರ್ ಏಟು ತಿಂದು ಸತ್ತ, ಜೊತೆಗಿದ್ದವರು ಗಾಯಗೊಂಡರು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ಗುರುತಿಲ್ಲದ ಮನುಷ್ಯನನ್ನು ಅವನ ಒಪ್ಪಿಗೆಯಿಲ್ಲದೆ ಸಾವಿರ ಜನರ ಮುಂದೆ ನಿಲ್ಲಿಸುವುದೆಂದರೆ ಏನೆಂದು ಆ ದಿನ ತಿಳಿಯಬೇಕಿತ್ತು. "ಜಾಗ್ರತೆ, ಈ ವ್ಯಕ್ತಿ ನಮ್ಮ ಊರಿನಲ್ಲಿ ತಿರುಗಾಡುತ್ತಿದ್ದಾನೆ" ಎಂದು ಯಾವುದೋ ಪಾಪದ ತಿರುಕನ ಚಿತ್ರ ಇಂದಿಗೂ ನನ್ನ ಮೊಬೈಲಿಗೆ ಬರುತ್ತದೆ.

ಇಲ್ಲಿ ಒಂದು ಅಪಾರ್ಥವನ್ನು ನಿವಾರಿಸಬೇಕು. ನಾನು ಖಾಸಗಿತನ ಎನ್ನುವುದು ಅನ್ಯಾಯದ ಹೊದಿಕೆಯನ್ನಲ್ಲ. ಹೆಂಡತಿಯನ್ನು ಹೊಡೆಯುವವನು "ಇದು ನಮ್ಮ ಮನೆಯ ವಿಷಯ" ಎಂದರೆ ಅದು ಖಾಸಗಿತನವಲ್ಲ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇಡುವ ಪದ್ಧತಿಯನ್ನು ಹೊರಗಿನವರು ಪ್ರಶ್ನಿಸಬಾರದೆಂದರೆ ಅದೂ ಅಲ್ಲ. ಹಾಗೆಯೇ, ಸಾರ್ವಜನಿಕ ಹಣದ ಲೆಕ್ಕ ಕೇಳಿದಾಗ "ವೈಯಕ್ತಿಕ ಮಾಹಿತಿ" ಎಂದು ಅಧಿಕಾರಿ ಬಾಗಿಲು ಮುಚ್ಚುವುದೂ ಸಲ್ಲದು. 2023ರ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಕಲಮಿನೊಳಗೇ ಇದ್ದ ಸಾರ್ವಜನಿಕ ಹಿತದ ಷರತ್ತನ್ನು ತೆಗೆದುಹಾಕಿದ್ದನ್ನು ನಾನು ಒಪ್ಪುವುದಿಲ್ಲ. 8(2)ನೆಯ ಕಲಮು ಉಳಿದಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಅರ್ಜಿ ಹಾಕಿದ ರೈತನಿಗೆ ನಿರಾಕರಣೆಯ ಪತ್ರ ಬರೆಯುವುದು ಈಗ ಮೊದಲಿಗಿಂತ ಸುಲಭವಾಗಿದೆ. ಅಧಿಕಾರವುಳ್ಳವರು ಬಯಲಿನಲ್ಲಿರಬೇಕು, ಅಧಿಕಾರವಿಲ್ಲದವರಿಗೆ ಮರೆ ಇರಬೇಕು. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು.

ಜಾಲತಾಣಗಳನ್ನು ತೊರೆಯಿರಿ ಎಂದು ನಾನು ಹೇಳುತ್ತಿಲ್ಲ. ಎಲ್ಲೆಲ್ಲಿಯೋ ಚದುರಿಹೋದ ನಿಮ್ಮ ಕುಶಲ ನನಗೆ ತಿಳಿಯುವುದೂ ಅವುಗಳಿಂದಲೇ. ನನ್ನ ಆಗ್ರಹ ಕೆಲವೇ ಕೆಲವು.

ಮಕ್ಕಳ ಅಂಕಪಟ್ಟಿಯನ್ನು ಸ್ಟೇಟಸ್ಸಿಗೆ ಹಾಕಬೇಡಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು, ತಂದೆತಾಯಿಯರ ಹೆಸರು, ಜನ್ಮದಿನಾಂಕ, ನೋಂದಣಿ ಸಂಖ್ಯೆ ಎಲ್ಲವೂ ಒಂದೇ ಹಾಳೆಯಲ್ಲಿವೆ. ಇ-ಆಧಾರ್ ಕಡತದ ಗುಪ್ತಪದವೇನೆಂದು ಬಲ್ಲಿರಾ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. "ನನ್ನ ಮಗನಿಗೆ ಇಂದು ಹದಿನೆಂಟು ತುಂಬಿತು" ಎಂದು ಹೆಸರು ಸಮೇತ ಹಾಕುವ ಶುಭಾಶಯ ಆ ಬೀಗದ ಕೈಯನ್ನೇ ಕೊಟ್ಟಂತೆ. ಕಡತವೂ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಮುಗಿಯಿತು. ಗುಂಪಿನಲ್ಲಿ ಆಧಾರ್ ಕಾರ್ಡಿನ, ಪಡಿತರ ಚೀಟಿಯ, ಪಾಸ್‌ಬುಕ್ಕಿನ ಚಿತ್ರ ಹಾಕುವುದನ್ನು ಇಂದೇ ನಿಲ್ಲಿಸಿ. ಮೋಸವಾಗಿ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಜಿಲ್ಲಾ ಸೈಬರ್ ಠಾಣೆಗೆ ದೂರು ಕೊಡಿ.

ಆಸ್ಪತ್ರೆಯ ಹಾಸಿಗೆಯ ಮೇಲಿನ ಹಿರಿಯರ ಚಿತ್ರ ತೆಗೆಯಬೇಡಿ. ಮೂಗಿಗೆ ನಳಿಕೆ ಹಾಕಿದ ತಂದೆಯ ಮುಖವನ್ನು ಇನ್ನೂರು ಜನರಿಗೆ ತೋರಿಸಿ "ಪ್ರಾರ್ಥಿಸಿ" ಎಂದು ಬರೆಯುವ ಮಗನ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಜೀವನವಿಡೀ ಪಂಚೆ ಕೊಡವಿ ಉಟ್ಟು, ತಲೆ ಬಾಚಿಕೊಂಡೇ ಹೊಸ್ತಿಲು ದಾಟುತ್ತಿದ್ದ ಆ ಮನುಷ್ಯ ಇದನ್ನು ಒಪ್ಪುತ್ತಿದ್ದನೇ ಎಂದು ಒಮ್ಮೆ ಯೋಚಿಸಿ. ನನಗೂ ವಯಸ್ಸಾಗಿದೆ. ನನ್ನ ವಿಷಯದಲ್ಲಿ ನನ್ನ ಉತ್ತರವನ್ನು ಈಗಲೇ ಬರೆದಿಡುತ್ತೇನೆ: ಬೇಡ.

ಜಾತ್ರೆಯಲ್ಲಿ, ಸಾವಿನ ಮನೆಯಲ್ಲಿ, ಶಾಲೆಯ ಅಂಗಳದಲ್ಲಿ ಮೊಬೈಲ್ ಎತ್ತುವ ಮುನ್ನ ಎದುರಿಗಿರುವವರನ್ನು ಒಂದು ಮಾತು ಕೇಳಿ. "ಹಾಕಲೇ?" ಎಂದು ಕೇಳಲು ಎರಡು ಗಳಿಗೆಯೂ ಬೇಡ. ಅವರು ಬೇಡವೆಂದರೆ ಕಾರಣ ಕೇಳಬೇಡಿ. ಕಾರಣ ಹೇಳದಿರುವುದೂ ಅವರ ಹಕ್ಕೇ. ಈಗಾಗಲೇ ಹಾಕಿರುವ ಚಿತ್ರಗಳನ್ನು ಈ ಭಾನುವಾರ ಕುಳಿತು ಒಂದೊಂದಾಗಿ ನೋಡಿ. ಕೇಳದೆ ಹಾಕಿದ್ದನ್ನು ತೆಗೆಯಿರಿ. ತೆಗೆದ ಮಾತ್ರಕ್ಕೆ ಎಲ್ಲ ಕಡೆಯಿಂದಲೂ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ನಿಮ್ಮ ಕೈಯಿಂದ ಹೋದದ್ದನ್ನು ನಿಮ್ಮ ಕೈಯಿಂದಲೇ ತೆಗೆಯುವುದು ಕರ್ತವ್ಯ. ಈ ವರ್ಷದ ಜಾತ್ರೆಗೆ ಬರುವವರು ಮನೆಮಂದಿಗೂ ಈ ಮಾತು ಹೇಳಿಯೇ ಬನ್ನಿ.

ನನ್ನ ವಾದದಲ್ಲಿ ದೋಷ ಕಂಡವರು ಬರೆದು ತಿಳಿಸಿ. ಆದರೆ ಗುಂಪಿನಲ್ಲಿ ಬೇಡ, ನನಗೆ ನೇರವಾಗಿ.

ಇತಿ ನಿಮ್ಮ,
ಮೇಷ್ಟ್ರು
ಗೌರಸಮುದ್ರ